ನಿವೃತ್ತರ ಪೂರಕ ವಿಮೆ: ‘ಸೂಪರ್’ ಎಂಬ ಪದದ ಬೆಲೆ

ಖಾಸಗಿ ಸಂಸ್ಥೆಗಳ ಗುಂಪು ಆರೋಗ್ಯ ವಿಮೆ ಸಾಮಾನ್ಯವಾಗಿ ನಿವೃತ್ತಿಯೊಂದಿಗೇ ಕೊನೆಗೊಳ್ಳುತ್ತದೆ. ಆಸ್ಪತ್ರೆಯ ಅಗತ್ಯ ಹೆಚ್ಚುವುದೂ ಆಗಲೇ. 70 ವರ್ಷ ದಾಟಿದವರಿಗೆ ಆದಾಯ ಮಿತಿಯಿಲ್ಲದೆ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಒದಗಿಸುವ ಆಯುಷ್ಮಾನ್ ಭಾರತ್ ವಿಸ್ತರಣೆಗೆ ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಚಾಲನೆ ನೀಡಿತು. ಇದು ಸ್ವಾಗತಾರ್ಹ. ಆದರೆ 60ಕ್ಕೆ ನಿವೃತ್ತರಾದವರು ನಡುವಿನ ಹತ್ತು ವರ್ಷಗಳನ್ನು ಹೇಗೆ ಕಳೆಯಬೇಕು?

ಹಲವರು ಸಣ್ಣದೊಂದು ಮೂಲ ಪಾಲಿಸಿಯ ಮೇಲೆ ಪೂರಕ ವಿಮೆ ಕೊಳ್ಳುತ್ತಾರೆ. ನಿಗದಿತ ಮೊತ್ತದವರೆಗಿನ ವೆಚ್ಚವನ್ನು ಮೂಲ ಪಾಲಿಸಿ ಅಥವಾ ರೋಗಿಯ ಜೇಬು ಭರಿಸುವುದರಿಂದ ಇದರ ಪ್ರೀಮಿಯಂ ಕಡಿಮೆ. ಈ ನಿಗದಿತ ಮೊತ್ತಕ್ಕೆ ‘ಡಿಡಕ್ಟಿಬಲ್’ ಎಂದು ಹೆಸರು. ತೊಡಕಿರುವುದು ಇದರ ಲೆಕ್ಕಾಚಾರದಲ್ಲಿ. ಮೂಲ ಪಾಲಿಸಿ 5 ಲಕ್ಷ, ಡಿಡಕ್ಟಿಬಲ್ ಕೂಡ 5 ಲಕ್ಷ ಎಂದಿಟ್ಟುಕೊಳ್ಳೋಣ. ಒಂದೇ ವರ್ಷದಲ್ಲಿ ಹೃದಯ ಚಿಕಿತ್ಸೆಗೆ 4 ಲಕ್ಷ, ಮಂಡಿಚಿಪ್ಪು ಬದಲಾವಣೆಗೆ 3 ಲಕ್ಷ ಖರ್ಚಾಯಿತು. ಮೂಲ ಪಾಲಿಸಿ 5 ಲಕ್ಷ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಉಳಿದ 2 ಲಕ್ಷಕ್ಕೆ ‘ಟಾಪ್-ಅಪ್’ ಪಾಲಿಸಿ ಬಿಡಿಗಾಸನ್ನೂ ಕೊಡದು. ಏಕೆಂದರೆ ಅದು ಪ್ರತಿ ಬಿಲ್ಲನ್ನು ಪ್ರತ್ಯೇಕವಾಗಿ ನೋಡುತ್ತದೆ, ಯಾವುದೂ 5 ಲಕ್ಷ ಮೀರಿಲ್ಲ. ‘ಸೂಪರ್ ಟಾಪ್-ಅಪ್’ ಇಡೀ ವರ್ಷದ ವೆಚ್ಚವನ್ನು ಕೂಡಿ ನೋಡುವುದರಿಂದ ಆ 2 ಲಕ್ಷ ದೊರೆಯುತ್ತದೆ. ವೃದ್ಧಾಪ್ಯದಲ್ಲಿ ಕಾಯಿಲೆ ಒಂದಾದ ಮೇಲೊಂದು ಬರುವುದೇ ಹೆಚ್ಚು. ಆದರೂ ಈ ವ್ಯತ್ಯಾಸವನ್ನು ಏಜೆಂಟರು ಗ್ರಾಹಕರಿಗೆ ಬಿಡಿಸಿ ಹೇಳುವುದು ವಿರಳ.

ವಿಮಾ ನಿಯಂತ್ರಣ ಪ್ರಾಧಿಕಾರ ಕೈಕಟ್ಟಿ ಕುಳಿತಿಲ್ಲ ಎಂಬುದನ್ನೂ ಒಪ್ಪಬೇಕು. ಮೊದಲೇ ಇದ್ದ ಕಾಯಿಲೆಗಳಿಗೆ ಕಾಯುವ ಗರಿಷ್ಠ ಅವಧಿಯನ್ನು 2024ರಲ್ಲಿ ಅದು ನಾಲ್ಕರಿಂದ ಮೂರು ವರ್ಷಕ್ಕೆ ಇಳಿಸಿತು. ಹಿರಿಯರ ಪ್ರೀಮಿಯಂ ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚಿಸುವ ಮುನ್ನ ತನ್ನೊಡನೆ ಸಮಾಲೋಚಿಸಬೇಕೆಂದು 2025ರ ಜನವರಿಯಲ್ಲಿ ಸೂಚಿಸಿತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗಳ ಮೇಲಿನ ಶೇ 18ರ ಜಿಎಸ್‌ಟಿಯೂ ರದ್ದಾಗಿದೆ. (ಹೂಡುವಳಿ ತೆರಿಗೆಯ ಜಮೆ ಕೈತಪ್ಪಿದ ಕಂಪನಿಗಳು ಅದನ್ನು ಮೂಲ ದರಕ್ಕೆ ಸೇರಿಸದಂತೆ ಕಣ್ಣಿಡಬೇಕಷ್ಟೆ.) ಆದರೆ ಹೊಸ ಅರ್ಜಿದಾರರ ಆರೋಗ್ಯ ಪರಿಶೀಲಿಸಿ ವಿಮೆ ನಿರಾಕರಿಸುವ ಅವಕಾಶ ಕಂಪನಿಗಳಿಗೆ ಇದ್ದೇ ಇದೆ. ಆದ್ದರಿಂದ ಗುಂಪು ವಿಮೆಯಿಂದ ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗವಾಗುವ ಅರ್ಜಿಯನ್ನು ನಿವೃತ್ತಿಗೆ ಮೊದಲೇ ಸಲ್ಲಿಸುವುದು ಲೇಸು. ಕಳೆದ ಕಾಯುವಿಕೆಯ ವರ್ಷಗಳು ಲೆಕ್ಕಕ್ಕೆ ಬರುತ್ತವೆ.

2020ರಲ್ಲಿ ಪ್ರಾಧಿಕಾರವು ಎಲ್ಲ ಕಂಪನಿಗಳೂ ಒಂದೇ ಷರತ್ತುಗಳ ‘ಆರೋಗ್ಯ ಸಂಜೀವನಿ’ ಪಾಲಿಸಿಯನ್ನು ಮಾರುವಂತೆ ಮಾಡಿತು. ಸೂಪರ್ ಟಾಪ್-ಅಪ್‌ಗೂ ಅಂಥದೇ ಏಕರೂಪದ ಪಾಲಿಸಿಯೊಂದನ್ನು ರೂಪಿಸಿದರೆ ಹಿರಿಯರು ದರವನ್ನಷ್ಟೇ ಹೋಲಿಸಿ ಕೊಳ್ಳಬಹುದು.