ಲಾಭವಿಲ್ಲದ ಮದ್ದಿಗೆ ದಿಕ್ಕು ಯಾರು?

ಬಟ್ಟೆಗೆ ಹಾಕುವ ಬಣ್ಣ ಚಳಿಜ್ವರಕ್ಕೂ ಮದ್ದು ಎಂದರೆ ಗಿರಣಿಯ ಗೆಳೆಯರು ನಕ್ಕಾರು. ನಗುವ ಮಾತಲ್ಲ. ಜರ್ಮನಿಯ ಕಾರಖಾನೆಯೊಂದರಲ್ಲಿ 1876ರಲ್ಲಿ ಹೆನ್ರಿಕ್ ಕಾರೋ ತಯಾರಿಸಿದ ಮೆಥಿಲೀನ್ ಬ್ಲೂ ಎಂಬ ನೀಲಿಯನ್ನು 1891ರಲ್ಲಿ ಪಾಲ್ ಎರ್ಲಿಕ್ ಮತ್ತು ಗುಟ್‌ಮನ್ ಬರ್ಲಿನ್ನಿನಲ್ಲಿ ಇಬ್ಬರು ಮಲೇರಿಯಾ ರೋಗಿಗಳಿಗೆ ಕೊಟ್ಟು ಗುಣ ಕಂಡರು. ಮುಂದೆ ಕ್ಲೋರೋಕ್ವಿನ್ ಬಂತು. ನೀಲಿ ಮೂಲೆ ಸೇರಿತು.

ಅದನ್ನು ಮೂಲೆಯಿಂದ ಎತ್ತಿದ್ದು ಆಫ್ರಿಕದ ಬಡ ನಾಡುಗಳಲ್ಲಿ. ಬುರ್ಕಿನಾ ಫಾಸೋದಲ್ಲಿ ನಡೆದ ಪರೀಕ್ಷೆಗಳಿಂದ ತಿಳಿದದ್ದಿಷ್ಟು: ಒಂಟಿಯಾಗಿ ಕೊಟ್ಟರೆ ಈ ಮದ್ದು ನಿಧಾನ, ಬೇರೆ ಮದ್ದಿನೊಡನೆ ಜೋಡಿಸಿದರೆ ಬಲ. ಮಾಲಿಯ ಪರೀಕ್ಷೆಯ ಫಲ 2018ರಲ್ಲಿ ಪ್ರಕಟವಾಯಿತು. ಆರ್ಟಿಮಿಸಿನಿನ್ ಜಾತಿಯ ಮದ್ದಿನ ಜೊತೆ ಮೂರು ದಿನ ನೀಲಿ ಪಡೆದವರಿಂದ ಸೊಳ್ಳೆಗೆ ರೋಗ ಅಂಟುವುದು ಎರಡೇ ದಿನದಲ್ಲಿ ಬಹುಮಟ್ಟಿಗೆ ನಿಂತಿತು. ಆದರೆ ಗುಂಪಿಗೆ 20 ಮಂದಿಯ ಸಣ್ಣ ಪರೀಕ್ಷೆ ಅದು. ದೊಡ್ಡದನ್ನು ನಡೆಸುವವರು ಯಾರು? ಹಳೆಯ ಬಣ್ಣದ ಮೇಲೆ ಯಾರ ಏಕಸ್ವಾಮ್ಯವೂ ಇಲ್ಲ. ಏಕಸ್ವಾಮ್ಯವಿಲ್ಲದ ಕಡೆ ಬಂಡವಾಳಗಾರ ತನ್ನ ಥೈಲಿ ಬಿಚ್ಚುವನೆ?

"ಮಲೇರಿಯಾ ಇಳಿದಿದೆ, ಈ ಗೊಡವೆ ಏಕೆ?" ಎನ್ನುವವರಿದ್ದಾರೆ. ಇದೇ ಮಾತು ಹಿಂದೆಯೂ ಕೇಳಿಬಂದಿತ್ತು. 1965ರ ಹೊತ್ತಿಗೆ ದೇಶದಲ್ಲಿ ಸುಮಾರು 1 ಲಕ್ಷಕ್ಕೆ ಇಳಿದಿದ್ದ ರೋಗಿಗಳು 1976ರಲ್ಲಿ 64 ಲಕ್ಷವಾದರು. ಈಶಾನ್ಯ ರಾಜ್ಯಗಳಲ್ಲಿ ಮದ್ದು ನಾಟದೆ 2013ರಲ್ಲಿ ಅದನ್ನೇ ಬದಲಿಸಬೇಕಾಯಿತು. ಗುಂಡ್ಲುಪೇಟೆಯ ತರಕಾರಿ ಲಾರಿಗಳು ದಿನವೂ ವಯನಾಡು, ಊಟಿಯ ಘಟ್ಟ ಹತ್ತಿಳಿಯುತ್ತವೆ. ಸೊಳ್ಳೆಗೆ ಗಡಿ ಠಾಣೆಯಿಲ್ಲ. ಜ್ವರ ಬಂದರೆ ಕೂಲಿಯವನ ವಾರದ ಸಂಬಳ ಹೋಗುತ್ತದೆ, ಚಿಲ್ಲರೆ ಅಂಗಡಿಯವನ ಬಾಗಿಲು ಮುಚ್ಚುತ್ತದೆ. ಬಡ್ಡಿ ಮಾತ್ರ ನಿಲ್ಲುವುದಿಲ್ಲ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳನ್ನು ಪ್ರಯೋಗಶಾಲೆ ಮಾಡಿರೆಂದು ನಾವು ಹೇಳುವುದಿಲ್ಲ. ಈ ಮದ್ದಿನಿಂದ ಮೂತ್ರ ನೀಲಿಯಾಗುತ್ತದೆ, ವಾಂತಿಯೂ ಆಗಬಹುದು, ಅದನ್ನು ತಡೆದುಕೊಳ್ಳಬಹುದು. ಆದರೆ ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವವರಲ್ಲಿ ರಕ್ತಕಣಗಳೇ ಒಡೆಯುವ ಅಪಾಯವಿದೆ. ಮೊದಲು ರಕ್ತಪರೀಕ್ಷೆ, ಕನ್ನಡದಲ್ಲಿ ತಿಳಿಸಿ ಪಡೆದ ಒಪ್ಪಿಗೆ, ತೊಂದರೆಯಾದರೆ ಪರಿಹಾರ: ಇವಿಲ್ಲದೆ ಒಂದು ಗುಳಿಗೆಯೂ ಬೇಡ.

2021ರ ಮೇ ತಿಂಗಳಲ್ಲಿ ಆಮ್ಲಜನಕವಿಲ್ಲದೆ ಜನ ಸತ್ತದ್ದನ್ನು ಕಂಡ ಊರು ಚಾಮರಾಜನಗರ. ಅಗ್ಗದ ವಸ್ತು ಹೊತ್ತಿಗೆ ಒದಗದಿದ್ದರೆ ತೆರಬೇಕಾದ ಬೆಲೆಯೇನೆಂದು ನಮಗೆ ಯಾರೂ ಪಾಠ ಹೇಳಬೇಕಿಲ್ಲ.

ಆದ್ದರಿಂದ ನಮ್ಮ ಒತ್ತಾಯ ಇದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸರ್ಕಾರದ ಹಣದಿಂದ ಈ ಜೋಡಿ ಮದ್ದನ್ನು ಪರೀಕ್ಷಿಸಲಿ. ಫಲ ಒಳ್ಳೆಯದಿರಲಿ, ಕೆಟ್ಟದಿರಲಿ, ಜನರ ಮುಂದಿಡಲಿ. ಗೆದ್ದರೆ ಸಾರ್ವಜನಿಕ ಕಾರಖಾನೆಗಳಲ್ಲೇ ಗುಳಿಗೆ ತಯಾರಾಗಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಪುಕ್ಕಟೆ ಸಿಗಲಿ. ಲಾಭ ಹುಟ್ಟುವ ತನಕ ಕಾಯಿರೆಂದು ಜ್ವರಕ್ಕೆ ಹೇಳಲಾಗುವುದಿಲ್ಲ.