ತೊಟ್ಟಿಕ್ಕುವ ನಲ್ಲಿ

ಬಚ್ಚಲ ನಲ್ಲಿ ತೊಟ್ಟಿಕ್ಕಲು ತೊಡಗಿದೊಡನೆ ನಮ್ಮ ಮನೆಗಳಲ್ಲಿ ಮೊದಲು ಅಪರಾಧಿಯನ್ನು ಹುಡುಕುವುದು ವಾಡಿಕೆ. ಕಡೆಯಲ್ಲಿ ಬಚ್ಚಲಿಗೆ ಹೋದವರು ಯಾರು? ತೀರ್ಪು ಬಹುಮಟ್ಟಿಗೆ ಮನೆಯ ಹಿರಿಯ ಜೀವದ ಮೇಲೆಯೇ ಬೀಳುತ್ತದೆ: “ಅಜ್ಜಿಗೆ ನಲ್ಲಿ ನಿಲ್ಲಿಸಲು ಬರುವುದಿಲ್ಲ.” ಗೆಣ್ಣು ಬಾತ ಬೆರಳುಗಳಿಗೆ ಹಿತ್ತಾಳೆಯ ಹಿಡಿ ಮಣಿಯದೆಂಬುದು ನಿಜ. ಆದರೆ ನಲ್ಲಿಯ ಒಡಲನ್ನು ಬಿಚ್ಚಿ ನೋಡಿದವರು ಈ ತೀರ್ಪನ್ನು ಒಪ್ಪಲಾರರು.

ಹಳೆಯ ಮನೆಗಳಲ್ಲಿರುವ ತಿರುಪು ನಲ್ಲಿಗೆ ಇಂಗ್ಲೆಂಡಿನಲ್ಲಿ 1845ರಲ್ಲಿ ಪೇಟೆಂಟ್ ದೊರೆಯಿತು. ಅದರ ರಚನೆ ಇಂದಿಗೂ ಹೆಚ್ಚೇನೂ ಬದಲಾಗಿಲ್ಲ. ಹಿಡಿಯನ್ನು ತಿರುಪಿದಂತೆ ಒಳಗಿನ ದಂಡವು ಕೆಳಗಿಳಿದು, ತುದಿಯಲ್ಲಿರುವ ವಾಷರನ್ನು ನೀರು ಬರುವ ಕಂಡಿಯ ಅಂಚಿನ ಮೇಲೆ ಅದುಮುತ್ತದೆ, ಅಷ್ಟೆ. ತೊಗಲಿನದೋ ರಬ್ಬರಿನದೋ ಆದ ಆ ಬಿಲ್ಲೆ ಸವೆದು ಗಡುಸಾದಾಗ ನೀರು ಜಿನುಗುತ್ತದೆ. ಆಗ ಮನೆಯ ಬಲಭೀಮನೊಬ್ಬನು ಬಂದು ತನ್ನ ಶಕ್ತಿಯನ್ನೆಲ್ಲ ಹಿಡಿಯ ಮೇಲೆ ಪ್ರಯೋಗಿಸುತ್ತಾನೆ. ತೊಟ್ಟಿಕ್ಕುವುದು ಎರಡು ದಿನ ನಿಲ್ಲುತ್ತದೆ. ವಾಷರು ಮಾತ್ರ ಇನ್ನಷ್ಟು ನಜ್ಜುಗುಜ್ಜಾಗುತ್ತದೆ. ಮರುದಿನ ಬೆಳಗ್ಗೆ ಅಜ್ಜಿ ಆ ನಲ್ಲಿಯನ್ನು ತೆರೆಯಲೂ ಆರರು. ದೋಷ ಯಾರದೆಂಬುದನ್ನು ವಾಚಕರೇ ಹೇಳಲಿ.

ವಾಷರು ಬದಲಿಸುವುದು ಹತ್ತು ನಿಮಿಷದ ಕೆಲಸ. ಮೊದಲು ತೊಟ್ಟಿಯಿಂದ ಬರುವ ನೀರನ್ನು ನಿಲ್ಲಿಸಿ, ನಲ್ಲಿಯನ್ನು ತೆರೆದು ಕೊಳವೆಯನ್ನು ಬರಿದು ಮಾಡಬೇಕು. ಬಳಿಕ ಒಂದು ಸ್ಪ್ಯಾನರಿನಿಂದ ನಲ್ಲಿಯ ಒಡಲನ್ನು ಅಲುಗದಂತೆ ಹಿಡಿದು, ಇನ್ನೊಂದರಿಂದ ಮೇಲಿನ ಭಾಗವನ್ನು ಬಿಚ್ಚಬೇಕು. ಈ ಎರಡನೆಯ ಸ್ಪ್ಯಾನರಿನ ವಿಷಯದಲ್ಲಿ ಔದಾಸೀನ್ಯ ಸಲ್ಲದು. ಹಳೆಯ ಮನೆಗಳ ಸತುವಿನ ಲೇಪದ ಕಬ್ಬಿಣದ ಕೊಳವೆ ಒಳಗೊಳಗೇ ತುಕ್ಕು ತಿಂದಿರುತ್ತದೆ. ನಲ್ಲಿಯೊಡನೆ ಅದೂ ತಿರುಗಿದರೆ ಗೋಡೆಯೊಳಗೆ ಮುರಿಯುತ್ತದೆ. ಆಗ ಪ್ಲಂಬರನ ಜೊತೆಗೆ ಗಾರೆಯವನನ್ನೂ ಕರೆಯಬೇಕಾದೀತು! ಬಿಚ್ಚಿದ ಮೇಲೆ ಕಂಡಿಯ ಅಂಚನ್ನು ಬೆರಳಿನಿಂದ ಸವರಿ ನೋಡುವುದು ಲೇಸು. ಅಲ್ಲಿ ತಗ್ಗುಗಳಿದ್ದರೆ ಹೊಸ ವಾಷರೂ ಬಹುಕಾಲ ಬಾಳದು. ನೀರು ಹಿಡಿಯ ಬುಡದಲ್ಲಿ ಒಸರುತ್ತಿದ್ದರೆ ವಾಷರನ್ನು ದೂರಬೇಡಿ. ದಂಡದ ಸುತ್ತ ತುಂಬಿದ ದಾರ ಸಡಿಲವಾಗಿದೆ.

ಹೊಸ ಮನೆಗಳ ನಲ್ಲಿಗಳ ಜಾತಿಯೇ ಬೇರೆ. ಅವುಗಳೊಳಗೆ ನುಣುಪಾದ ಎರಡು ಪಿಂಗಾಣಿ ಬಿಲ್ಲೆಗಳು ಒಂದರ ಮೇಲೊಂದು ಜಾರುತ್ತವೆ. ತೂತುಗಳು ಎದುರಾದರೆ ನೀರು, ಮರೆಯಾದರೆ ತಡೆ. ಕಾಲು ಸುತ್ತು ಸಾಕು. ಬಲಪ್ರಯೋಗದಿಂದ ಇಲ್ಲಿ ಎಳ್ಳಷ್ಟೂ ಪ್ರಯೋಜನವಿಲ್ಲ. ಮರಳಿನ ಕಣದಿಂದ ಬಿಲ್ಲೆಗೆ ಗೀರು ಬಿದ್ದರೆ ಒಳಗಿನ ಭಾಗವನ್ನು ಇಡಿಯಾಗಿ ಬದಲಿಸಬೇಕು. ಒಂದರ ಅಳತೆ ಇನ್ನೊಂದಕ್ಕೆ ಹೊಂದದು. ಆದ್ದರಿಂದ ಹಳೆಯದನ್ನು ಅಂಗಡಿಗೆ ಒಯ್ಯುವುದು ಜಾಣತನ. ಕೊಳವೆ ಬಾವಿಯ ಗಡಸು ನೀರಿರುವಲ್ಲಿ ಧಾರೆ ಸಣ್ಣಗಾದರೆ ಮೂತಿಯ ಜಾಲರಿಯನ್ನು ಬಿಚ್ಚಿ ನಿಂಬೆರಸದಲ್ಲಿ ನೆನೆಹಾಕಿರಿ. ಬಿಳಿಯ ಹಕ್ಕಳೆ ಕರಗುತ್ತದೆ.

ಸೆಕೆಂಡಿಗೊಂದು ಹನಿಯಾದರೂ ದಿನಕ್ಕೆ ಸುಮಾರು 4 ಲೀಟರು ಹೋಗುತ್ತದೆ. ಬೆಂಗಳೂರಿಗೆ ಬರುವ ಕಾವೇರಿ ಸುಮಾರು 100 ಕಿಲೋಮೀಟರು ಹರಿದು, 500 ಮೀಟರಿನಷ್ಟು ಮೇಲೇರಿ ಬರುತ್ತಾಳೆ. ಅಷ್ಟು ದೂರದಿಂದ ಬಂದವಳನ್ನು ಬಚ್ಚಲ ಹೊಂಡಕ್ಕೆ ನೂಕುವುದು ಯಾವ ಅತಿಥಿಸತ್ಕಾರವೋ ತಿಳಿಯದು.

ಹಳೆಯ ಗೋಡೆಯ ಅರ್ಧ ಅಂಗುಲದ ಕೊಳವೆಗೂ ಉದ್ದ ಹಿಡಿಯ, ಕಾಲು ಸುತ್ತಿನ ನಲ್ಲಿ ಹೊಂದುತ್ತದೆ. ಮರೆಯ ಮೇಲೆ ಟೆಫ್ಲಾನ್ ಪಟ್ಟಿಯನ್ನು ತಿರುಪಿನ ದಿಕ್ಕಿನಲ್ಲಿಯೇ ಸುತ್ತಿ ಕೂರಿಸಿದರಾಯಿತು, ಗೋಡೆ ಒಡೆಯಬೇಕಾಗಿಲ್ಲ. ಕೊಳ್ಳುವ ದಿನ ಅಜ್ಜಿಯನ್ನೂ ಅಂಗಡಿಗೆ ಕರೆದೊಯ್ದು, ಹಿಡಿಯನ್ನು ಅವರ ಕೈಯಿಂದಲೇ ಒಮ್ಮೆ ತಿರುಗಿಸಿ ನೋಡಿರಿ.