ಹಳೆಯ ಕಾರಿನ ಪರವಾಗಿ ಎರಡು ಮಾತು

ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿ ‘ಸಾವಿರ ರೂಪಾಯಿಗೆ ಹಾಕಿ’ ಎನ್ನುವ ನಮ್ಮಲ್ಲಿ ಎಷ್ಟು ಮಂದಿಗೆ, ತಾವು ಕೊಳ್ಳುತ್ತಿರುವುದರಲ್ಲಿ ಐದನೆಯ ಒಂದು ಪಾಲು ಪೆಟ್ರೋಲೇ ಅಲ್ಲವೆಂಬುದು ನೆನಪಿರುತ್ತದೆ? ಕಬ್ಬಿನ ಹಾಲು, ಕಾಕಂಬಿ, ಮೆಕ್ಕೆಜೋಳ, ನುಚ್ಚಕ್ಕಿಗಳಿಂದ ಭಟ್ಟಿಯಿಳಿಸಿದ ಎಥೆನಾಲ್ ಈಗ ಅದರಲ್ಲಿ ಶೇಕಡಾ 20ರಷ್ಟಿದೆ. 2003ರಲ್ಲಿ ಒಂಬತ್ತು ರಾಜ್ಯಗಳಲ್ಲಿ ಶೇಕಡಾ 5ರ ಮಿಶ್ರಣದೊಡನೆ ಆರಂಭವಾದ ಈ ಯೋಜನೆ ಬಹುಕಾಲ ಕುಂಟುತ್ತಲೇ ಸಾಗಿತ್ತು. 2018ರ ಜೈವಿಕ ಇಂಧನ ನೀತಿ ಶೇಕಡಾ 20ರ ಗುರಿಯನ್ನು 2030ಕ್ಕೆ ನಿಗದಿ ಮಾಡಿತು. ಅನಂತರ ಆ ಗುರಿಯನ್ನು 2025-26ಕ್ಕೆ ಹಿಂದಕ್ಕೆಳೆದುಕೊಳ್ಳಲಾಯಿತು. 2022ರ ಜೂನ್‌ನಲ್ಲಿ ಶೇಕಡಾ 10 ಮುಟ್ಟಿದೆವು. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ‘ಇ20’ ಪೆಟ್ರೋಲಿನ ಬಿಡುಗಡೆಯಾಯಿತು. 2025ರ ಹೊತ್ತಿಗೆ ದೇಶದ ಬಂಕುಗಳೆಲ್ಲ ಅದನ್ನೇ ಸುರಿಯತೊಡಗಿದವು.

ಹತ್ತರಿಂದ ಇಪ್ಪತ್ತಕ್ಕೆ ಮೂರೇ ವರ್ಷ. ಬಂಕಿನ ಟ್ಯಾಂಕಿನೊಳಗಿನ ದ್ರವವನ್ನು ಮೂರು ವರ್ಷಗಳಲ್ಲಿ ಬದಲಿಸಬಹುದು. ಮಧ್ಯಮ ವರ್ಗದ ಮನೆಯ ಮುಂದೆ ನಿಂತ ಕಾರನ್ನು ಬದಲಿಸಲಾಗದು. ನಮ್ಮ ತಕರಾರು ಇರುವುದು ಇಷ್ಟೇ.

ಎಥೆನಾಲನ್ನು ದೂರುವುದು ನಮ್ಮ ಉದ್ದೇಶವಲ್ಲ. ಮುಂಬಯಿ, ಪುಣೆಗಳಲ್ಲಿ ನೆಲೆಸಿದ ಕನ್ನಡಿಗರಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರಗಳ ಕಡೆಯವರು ಬಹಳ. ಊರಿನ ಹೊಲದಲ್ಲಿ ಕಬ್ಬು ನಿಂತಿದ್ದು, ಕಾರ್ಖಾನೆಯ ಬಾಕಿ ಹಣಕ್ಕಾಗಿ ಅಣ್ಣನೋ ಕಾಕನೋ ವರ್ಷಗಟ್ಟಲೆ ಕಾಯ್ದದ್ದನ್ನು ಬಲ್ಲವರು ಅವರು. ಸಕ್ಕರೆಯ ಬೆಲೆ ಬಿದ್ದಾಗ ಕಾರ್ಖಾನೆಗೆ ಇನ್ನೊಂದು ಆದಾಯವಿರಲಿ, ಆಮದು ತೈಲದ ವೆಚ್ಚ ತುಸುವಾದರೂ ತಗ್ಗಲಿ ಎಂಬ ವಾದವನ್ನು ನಾವು ಮನಸಾರೆ ಒಪ್ಪುತ್ತೇವೆ. ಆದರೂ, ಹಳೆಯ ಕಾರಿನವನು ಬಾಯಿ ತೆರೆದೊಡನೆ ‘ನೀನು ರೈತವಿರೋಧಿ’ ಎನ್ನುವವರಿಗೆ ಒಂದು ಸಂಗತಿಯನ್ನು ನೆನಪಿಸಬೇಕು. ಶೇಕಡಾ 20ರ ಗುರಿ ಮುಟ್ಟಿದ ಅದೇ 2025ರ ನವೆಂಬರಿನಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಕೊಡಿರೆಂದು ರಸ್ತೆಯಲ್ಲಿ ಕುಳಿತಿದ್ದರು.

ಇನ್ನು ಕಾರಿನ ವಿಷಯ. ‘ಹಳೆಯ ಕಾರು’ ಎಂದೊಡನೆ ಕಣ್ಣ ಮುಂದೆ ಬರುವುದು ಹದಿನೈದು-ಇಪ್ಪತ್ತು ವರ್ಷದ, ಬಣ್ಣಗೆಟ್ಟ ವಾಹನ. ಇಂಧನದ ಮಟ್ಟಿಗೆ ಆ ಪದದ ಅರ್ಥವೇ ಬೇರೆ. ಇ20 ತಾಳಿಕೊಳ್ಳುವ ಬಿಡಿಭಾಗಗಳು ವಾಹನಗಳಲ್ಲಿ ಕಡ್ಡಾಯವಾದದ್ದು 2023ರ ಏಪ್ರಿಲ್‌ನಿಂದ. ಅದಕ್ಕೆ ಒಂದು ತಿಂಗಳು ಮೊದಲು, ಸಾಲ ಮಾಡಿ, ಆಯುಧಪೂಜೆಯ ಕುಂಬಳಕಾಯಿಗೂ ಕಾಯದೆ ಮನೆಗೆ ತಂದ ಹೊಸ ಕಾರೂ ಈ ಲೆಕ್ಕದಲ್ಲಿ ಹಳೆಯದೇ ಆಗಿರಬಹುದು. ಅದರ ಕಂತುಗಳು ಇನ್ನೂ ತೀರಿರಲಾರವು.

ಎಥೆನಾಲ್ ಮಾಡುವುದೇನು? ಅದೊಂದು ಒಳ್ಳೆಯ ದ್ರಾವಕ. ವರ್ಷಗಳಿಂದ ಟ್ಯಾಂಕಿನ ತಳದಲ್ಲಿ ಕಚ್ಚಿಕೊಂಡ ಅಂಟು, ಕೊಳೆಯನ್ನೆಲ್ಲ ಸಡಿಲಿಸಿ ಹೊತ್ತು ತರುತ್ತದೆ. ಅದು ಫಿಲ್ಟರಿನಲ್ಲಿ ಸಿಕ್ಕಿಕೊಂಡು ಗಾಡಿ ಏರಿನಲ್ಲಿ ಮುಕ್ಕರಿಯುತ್ತದೆ. ಕೆಲವು ಬಗೆಯ ಹಳೆಯ ರಬ್ಬರು ಅದರಲ್ಲಿ ನೆನೆದು ಊದಿಕೊಳ್ಳುತ್ತದೆ, ಕ್ರಮೇಣ ಬಿಗಿತ ಕಳೆದುಕೊಂಡು ಬಿರುಕು ಬಿಡುತ್ತದೆ. ಬಿರುಕು ಬಿಟ್ಟ ಪೈಪು ಕಾಯ್ದ ಎಂಜಿನ್ನಿನ ಮಗ್ಗುಲಲ್ಲಿದ್ದರೆ ಅದು ಬರಿಯ ಖರ್ಚಿನ ಮಾತಲ್ಲ. ಎಥೆನಾಲ್ ನೀರನ್ನೂ ಸೆಳೆದುಕೊಳ್ಳುತ್ತದೆ. ಶುದ್ಧ ಪೆಟ್ರೋಲಿನಲ್ಲಿ ನೀರು ತಳಕ್ಕಿಳಿದು ಬೇರೆಯಾಗಿ ನಿಲ್ಲುತ್ತದೆ, ಅದನ್ನು ಪತ್ತೆ ಹಚ್ಚುವುದು ಸುಲಭ. ಮಿಶ್ರಣದಲ್ಲಿ ಅದು ಒಂದು ಮಿತಿಯವರೆಗೆ ಕರಗಿಯೇ ಇರುತ್ತದೆ. ಮಿತಿ ಮೀರಿದರೆ ಎಥೆನಾಲನ್ನೂ ತನ್ನೊಡನೆ ಎಳೆದುಕೊಂಡು ತಳಕ್ಕಿಳಿಯುತ್ತದೆ, ಮತ್ತು ಪಂಪು ಮೊದಲು ಹೀರುವುದು ಆ ತಳದ್ದನ್ನೇ. ದೆಹಲಿಯ ಜನವರಿಯ ಬೆಳಗಿನಲ್ಲಿ ಹಳೆಯ ಗಾಡಿ ಶುರುವಾಗಲು ಹಟ ಮಾಡಿದರೆ ಅದರಲ್ಲಿಯೂ ಎಥೆನಾಲಿನ ಪಾಲಿದೆ. ಆವಿಯಾಗಲು ಅದು ಪೆಟ್ರೋಲಿಗಿಂತ ಹೆಚ್ಚು ಶಾಖವನ್ನು ಬೇಡುತ್ತದೆ. ಕಾರ್ಬ್ಯುರೇಟರ್ ಕಾಲದ ಗಾಡಿಗಳ ಪಾಡು ಇನ್ನೂ ಕಷ್ಟದ್ದು. ಇಂಜೆಕ್ಷನ್ ಇರುವ ಕಾರಿನಲ್ಲಿ ಸಂವೇದಕವೊಂದು ಹೊಗೆಯನ್ನು ಮೂಸಿ ನೋಡಿ ಇಂಧನದ ಪ್ರಮಾಣವನ್ನು ತಕ್ಕಮಟ್ಟಿಗೆ ಸರಿಪಡಿಸುತ್ತದೆ. ಯಾರೋ ಮುತುವರ್ಜಿಯಿಂದ ಕಾಪಾಡಿಕೊಂಡ ಪ್ರೀಮಿಯರ್ ಪದ್ಮಿನಿಗೆ ಆ ಮೂಗಿಲ್ಲ.

ಹಾಗೆಂದು ಇ20 ಹಾಕಿದ ಮರುದಿನವೇ ಎಂಜಿನ್ ಕರಗಿಹೋಗುವುದಿಲ್ಲ. ಮೊಬೈಲಿನಿಂದ ಮೊಬೈಲಿಗೆ ಹಾರಾಡುವ ವಿಡಿಯೋಗಳಲ್ಲಿ, ಬಾಟಲಿಯಲ್ಲಿ ನೀರು ಬೆರೆಸಿ ತೋರಿಸುವ ಇಂದ್ರಜಾಲದಲ್ಲಿ ನಮಗೆ ನಂಬಿಕೆಯಿಲ್ಲ. ಮುಚ್ಚಳ ಭದ್ರವಾಗಿರುವ, ದಿನವೂ ಓಡುವ ಕಾರಿನ ಟ್ಯಾಂಕಿನಲ್ಲಿ ಗಾಳಿಯ ತೇವದಿಂದಲೇ ಲೋಟಗಟ್ಟಲೆ ನೀರು ತುಂಬುವುದಿಲ್ಲ. ತೊಂದರೆ ನಿಧಾನದ್ದು. ನಿಧಾನದ್ದಾದ ಕಾರಣಕ್ಕೇ ಅದನ್ನು ಅಲ್ಲಗಳೆಯುವುದೂ ಸುಲಭ.

ಅಲ್ಲಗಳೆಯಲಾಗದ್ದು ಮೈಲೇಜಿನ ಲೆಕ್ಕ. ಒಂದು ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನ ಮೂರನೆಯ ಎರಡರಷ್ಟು ಮಾತ್ರ. ಐದರಲ್ಲಿ ಒಂದು ಪಾಲು ಅದೇ ಇದ್ದರೆ ಲೀಟರಿಗೆ ಆರೂವರೆ ಶೇಕಡಾದಷ್ಟು ಶಕ್ತಿ ತಗ್ಗುತ್ತದೆಂಬುದು ಶಾಲೆಯ ಹುಡುಗರೂ ಮಾಡಬಹುದಾದ ಲೆಕ್ಕ. ಸರಕಾರದ್ದೇ ಆದ ನೀತಿ ಆಯೋಗ 2021ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿಯೂ, ಶುದ್ಧ ಪೆಟ್ರೋಲಿಗೆಂದು ರೂಪಿಸಿ ಇ10ಕ್ಕೆ ಹೊಂದಿಸಿದ ಕಾರುಗಳ ಇಂಧನ ದಕ್ಷತೆ ಇ20ಯಿಂದ ಶೇಕಡಾ 6ರಿಂದ 7ರಷ್ಟು ಇಳಿಯುವುದೆಂದೇ ಇತ್ತು. ಲೀಟರಿಗೆ 15 ಕಿಲೋಮೀಟರ್ ಓಡುವ, ವರ್ಷಕ್ಕೆ 10,000 ಕಿಲೋಮೀಟರ್ ತಿರುಗುವ ಕಾರನ್ನು ತೆಗೆದುಕೊಳ್ಳಿ. ಶೇಕಡಾ 6 ಇಳಿದರೆ ನಲವತ್ತು ಲೀಟರಿಗೂ ತುಸು ಹೆಚ್ಚು ಪೆಟ್ರೋಲ್ ಬೇಕು. ಲೀಟರಿಗೆ ನೂರರ ಲೆಕ್ಕದಲ್ಲಿ ನಾಲ್ಕು ಸಾವಿರ ರೂಪಾಯಿಗೆ ಮೇಲಾಯಿತು.

ಈ ನಾಲ್ಕು ಸಾವಿರ ಯಾರ ಕಿಸೆಯಿಂದ? ಅದೇ ಮಾರ್ಗಸೂಚಿ, ಶಕ್ತಿ ಕಡಿಮೆಯಿರುವ ಇಂಧನದ ಬೆಲೆಯೂ ಕಡಿಮೆಯಿರಬೇಕೆಂಬ ಸಲಹೆಯನ್ನು ಮುಂದಿಟ್ಟಿತ್ತು. ಆದದ್ದು ಬೇರೆ. ಪೆಟ್ರೋಲಿಯಂ ಸಚಿವಾಲಯವೇ ಕೊಟ್ಟ ಅಂಕಿಯ ಪ್ರಕಾರ 2025ರ ಜುಲೈ ಕೊನೆಗೆ ಎಥೆನಾಲ್ ಖರೀದಿಯ ಸರಾಸರಿ ದರ, ಸಾಗಣೆ ಮತ್ತು ತೆರಿಗೆ ಸೇರಿ, ಲೀಟರಿಗೆ 71 ರೂಪಾಯಿ 32 ಪೈಸೆ. ಅದು ಶುದ್ಧೀಕರಿಸಿದ ಪೆಟ್ರೋಲಿಗಿಂತಲೂ ದುಬಾರಿ, ಆದ್ದರಿಂದ ಗ್ರಾಹಕನಿಗೆ ಕಡಿಮೆ ಬೆಲೆಗೆ ಕೊಡಲಾಗದು ಎಂದಾಯಿತು. ರೈತನಿಗೆ ಒಳ್ಳೆಯ ದರ ಕೊಡಲೆಂದು ದುಬಾರಿಯಾಗಿದ್ದರೆ ಆಗಲಿ; ಆದರೆ ದೇಶದ ಹಿತದ ಖರ್ಚನ್ನು ಹೊಸ ಕಾರು ಕೊಳ್ಳಲಾರದವನೇ ಹೆಚ್ಚು ಭರಿಸುವುದು ಯಾವ ನ್ಯಾಯ? ಹೊಸ ಕಾರಿನವನಿಗೆ ಇಳಿಯುವುದು ಶೇಕಡಾ 1 ಅಥವಾ 2 ಮಾತ್ರ.

ರಬ್ಬರಿನ ವಿಷಯದಲ್ಲಿಯೂ ಸಚಿವಾಲಯದ ಮಾತು ಸ್ವಾರಸ್ಯಕರ. ಆತಂಕಕ್ಕೆ ಆಧಾರವಿಲ್ಲವೆನ್ನುತ್ತಲೇ, ಕೆಲವು ಹಳೆಯ ವಾಹನಗಳಲ್ಲಿ 20,000ದಿಂದ 30,000 ಕಿಲೋಮೀಟರ್ ಓಡಿದ ಮೇಲೆ ರಬ್ಬರಿನ ಭಾಗಗಳನ್ನೂ ಗ್ಯಾಸ್ಕೆಟ್ಟುಗಳನ್ನೂ ಬದಲಿಸಬೇಕಾಗಬಹುದು, ಅದಕ್ಕೆ ದೊಡ್ಡ ವೆಚ್ಚವಿಲ್ಲ ಎಂದಿತು. ಸರಿ, ದೊಡ್ಡದಲ್ಲ. ಚಿಕ್ಕದಾದರೆ ಇಂಧನ ಮಾರುವವರೇ ಕೊಡಬಹುದಲ್ಲ!

ನಮ್ಮ ಮುಖ್ಯ ಬೇಡಿಕೆ ಆಯ್ಕೆ. ಬ್ರೆಜಿಲ್ ಮಾಡಲಿಲ್ಲವೇ ಎಂದು ಕೇಳುವವರು ಆ ದೇಶದ ಕಥೆಯನ್ನು ಪೂರ್ತಿ ಹೇಳಬೇಕು. ಅಲ್ಲಿ ಎಥೆನಾಲ್ ಕಾರ್ಯಕ್ರಮ ಶುರುವಾದದ್ದು 1975ರಲ್ಲಿ. ಯಾವ ಮಿಶ್ರಣಕ್ಕೂ ಒಗ್ಗುವ ಕಾರುಗಳು 2003ರಿಂದ ಮಾರುಕಟ್ಟೆಗೆ ಬಂದವು. ಬಂಕಿನಲ್ಲಿ ಎಥೆನಾಲಿಗೂ ಮಿಶ್ರಿತ ಪೆಟ್ರೋಲಿಗೂ ಬೇರೆ ಬೇರೆ ದರದ ಫಲಕಗಳಿರುತ್ತವೆ; ಎಥೆನಾಲಿನ ಬೆಲೆ ಪೆಟ್ರೋಲಿನ ಶೇಕಡಾ 70ರೊಳಗಿದ್ದರೆ ಮಾತ್ರ ಲಾಭವೆಂದು ಜನ ಲೆಕ್ಕ ಹಾಕಿ ಕೊಳ್ಳುತ್ತಾರೆ. ಬ್ರಿಟನ್ 2021ರಲ್ಲಿ ಬರಿಯ ಶೇಕಡಾ 10ಕ್ಕೆ ಏರಿದಾಗಲೂ ಹಳೆಯ ಕಾರುಗಳಿಗೆಂದು ಶೇಕಡಾ 5ರ ಪೆಟ್ರೋಲನ್ನು ಮೇಲ್ದರ್ಜೆಯ ಇಂಧನವಾಗಿ ಉಳಿಸಿಕೊಂಡಿತು. ನಮ್ಮಲ್ಲಿ ಎಥೆನಾಲ್ ರಹಿತ ಪೆಟ್ರೋಲಿನ ಆಯ್ಕೆ ಬೇಕೆಂಬ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾಗೊಳಿಸಿತು. ನ್ಯಾಯಾಲಯದ ಬಾಗಿಲು ಮುಚ್ಚಿತೆಂದು ನೀತಿಯ ಬಾಗಿಲೂ ಮುಚ್ಚಬೇಕಾಗಿಲ್ಲ. ಅನೇಕ ಬಂಕುಗಳಲ್ಲಿ ದುಬಾರಿ ದರ್ಜೆಯ ಪೆಟ್ರೋಲಿಗೆಂದು ಪ್ರತ್ಯೇಕ ಟ್ಯಾಂಕು, ಪ್ರತ್ಯೇಕ ಪಂಪು ಈಗಾಗಲೇ ಇವೆ. ಅದರಲ್ಲಿ ಹತ್ತು ವರ್ಷಗಳ ಮಟ್ಟಿಗೆ ಇ10 ಮಾರಲಿ. ಅಗತ್ಯವುಳ್ಳವನು ನಾಲ್ಕು ರೂಪಾಯಿ ಹೆಚ್ಚು ಕೊಟ್ಟಾನು. ಈಗ ಕೆಲವೇ ನಗರಗಳಲ್ಲಿ ಸಿಗುವ, ಎಥೆನಾಲ್ ಇಲ್ಲವೆನ್ನಲಾಗುವ 100 ಆಕ್ಟೇನ್ ಪೆಟ್ರೋಲಿನ ಬೆಲೆ ಸಾಮಾನ್ಯದ ಒಂದೂವರೆ ಪಟ್ಟಿಗೂ ಮಿಗಿಲು. ಅದು ಆಟದ ಕಾರುಗಳಿಗೆ ಸರಿ, ಸಂಸಾರದ ಕಾರಿಗಲ್ಲ.

ಹೊರನಾಡಿನಲ್ಲಿ ಹಳೆಯ ಕಾರು ಉಳಿಸಿಕೊಂಡವರು ಯಾರೆಂದು ಸ್ವಲ್ಪ ಯೋಚಿಸಿ. ನಿವೃತ್ತರಾಗಿ ಮಾಟುಂಗಾದಲ್ಲೋ ಕೊಥ್ರೂಡಿನಲ್ಲೋ ಉಳಿದವರು. ವಾರಕ್ಕೊಮ್ಮೆ ಆಸ್ಪತ್ರೆಗೆ, ತಿಂಗಳಿಗೊಮ್ಮೆ ಕನ್ನಡ ಸಂಘದ ಕಾರ್ಯಕ್ರಮಕ್ಕೆ, ವರ್ಷಕ್ಕೊಮ್ಮೆ ಜಾತ್ರೆಗೋ ದೀಪಾವಳಿಗೋ ಊರಿಗೆ ಗಾಡಿ ತೆಗೆಯುವವರು. ಉಳಿದ ದಿನ ಆ ಕಾರು ಮಳೆಯಲ್ಲಿ ನಿಂತೇ ಇರುತ್ತದೆ. ಎಥೆನಾಲ್ ಮಿಶ್ರಣಕ್ಕೆ ಒಗ್ಗದ್ದು ಹೀಗೆ ನಿಲ್ಲುವುದೇ. ಅಂಥವರಿಗೆ ನಮಗೆ ತಿಳಿದಷ್ಟು ಹೇಳುತ್ತೇವೆ: ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ವಾರಕ್ಕೊಮ್ಮೆಯಾದರೂ ಒಂದಿಷ್ಟು ದೂರ ಓಡಿಸಿ, ಹಳೆಯ ಪೆಟ್ರೋಲ್ ಬಳಸಿ ಹೊಸದನ್ನು ತುಂಬಿಸಿ. ಮುಂದಿನ ಸರ್ವೀಸಿನಲ್ಲಿ ಫಿಲ್ಟರ್ ಬದಲಿಸಿ, ಇಂಧನದ ಪೈಪುಗಳನ್ನು ಕೈಯಿಂದ ಒತ್ತಿ ನೋಡಲು ಮೆಕ್ಯಾನಿಕ್ಕನಿಗೆ ಹೇಳಿ. ಮೆತ್ತಗಾಗಿದ್ದರೆ ಎಥೆನಾಲ್ ತಾಳುವ ಪೈಪು ಹಾಕಿಸಿ. ಬಾನೆಟ್ ಎತ್ತಿದಾಗ ಪೆಟ್ರೋಲ್ ವಾಸನೆ ಬಂದರೆ ಗಾಡಿ ಶುರು ಮಾಡಬೇಡಿ. ಕಾರಿನ ಕೈಪಿಡಿಯಲ್ಲಿ ಇಂಧನದ ಬಗ್ಗೆ ಏನಿದೆಯೆಂದು ಓದಿ, ಅದು ಇ10ಕ್ಕೆ ನಿಂತಿದ್ದರೆ ಇ20 ಬಳಸಬಹುದೇ ಎಂದು ತಯಾರಕರಿಂದ ಬರಹದಲ್ಲಿಯೇ ಕೇಳಿ ಪಡೆಯಿರಿ. ಶೇಕಡಾ 20ನ್ನು ದಾಟಿ ಹೋಗುವ ಮಾತುಗಳು ಆಗಲೇ ಕೇಳಿಬರುತ್ತಿವೆ. ಆ ಕಾಗದ ಆಗ ಕೈಯಲ್ಲಿರಲಿ.